ಮರಳುವ ದೇಶ ಯಾವುದೆಂದು ಕೇಳುವವರಿಗೆ

ಚಳಿ ಬಿದ್ದಿತೆಂದರೆ ನಮ್ಮ ಜಮಖಂಡಿ, ಮುಧೋಳ, ಬನಹಟ್ಟಿಯ ಬಜಾರುಗಳಲ್ಲಿ ಟಿಬೆಟಿಯನ್ನರ ಸ್ವೆಟರ್ ಅಂಗಡಿಗಳು ಏಳುತ್ತವೆ. ಲೂಧಿಯಾನದ ಮಾಲು, ಮುಂಡಗೋಡದ ವ್ಯಾಪಾರಿ, ನಮ್ಮೂರಿನ ಗಿರಾಕಿ. ಚೌಕಾಶಿ ನಡೆಯುವುದು ಅಚ್ಚ ಕನ್ನಡದಲ್ಲಿ. ನಮಗೆ ಹಲವು ವರ್ಷಗಳಿಂದ ಪರಿಚಯವಿರುವ ಅಂಥ ಒಬ್ಬ ವ್ಯಾಪಾರಿ ಈ ಸಲ ಸಪ್ಪಗಿದ್ದ. ವಿಚಾರಿಸಿದೆವು. ಯುರೋಪಿನ ಒಂದು ದೇಶದಲ್ಲಿರುವ ಅಕ್ಕನನ್ನು ನೋಡಿ ಬರಲು ಸಂದರ್ಶಕ ವೀಸಾಕ್ಕೆ ಅರ್ಜಿ ಹಾಕಿದ್ದನಂತೆ. ತಿರಸ್ಕಾರವಾಯಿತಂತೆ.

"ನನ್ನ ಹಳದಿ ಪುಸ್ತಕ ನೋಡಿ, ಇದು ಯಾವ ದೇಶದ್ದು ಅಂತ ಕೇಳಿದ್ರಿ. ಭಾರತದ್ರಿ ಅಂದೆ. ಹಂಗಾದ್ರ ನೀ ಭಾರತೀಯ ಏನು ಅಂದ್ರು. ಅಲ್ರಿ ಅಂದೆ. ಮತ್ತ ಮರಳಿ ಎಲ್ಲಿಗೆ ಹೋಗ್ತೀ ಅಂದ್ರು. ಮುಂಡಗೋಡಕ್ಕ ಅಂದೆ. ನಕ್ಕರು ಸಾಹೇಬ್ರ."

ಆ ನಗು ನಮ್ಮನ್ನು ಚುಚ್ಚಿತು. ಅದಕ್ಕಾಗಿಯೇ ಈ ಬರಹ.

ಹಳದಿ ಪುಸ್ತಕವೆಂದರೆ ಭಾರತ ಸರಕಾರ ಟಿಬೆಟಿಯನ್ ನಿರಾಶ್ರಿತರಿಗೆ ಪಾಸ್‌ಪೋರ್ಟಿನ ಬದಲು ಕೊಡುವ ಗುರುತು ಪ್ರಮಾಣಪತ್ರ. ಜಗತ್ತಿನ ಹೆಚ್ಚಿನ ದೇಶಗಳು 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿವೆ. ಆ ಒಡಂಬಡಿಕೆಯ 28ನೇ ವಿಧಿಯಂತೆ ತಮ್ಮ ನೆಲದಲ್ಲಿರುವ ನಿರಾಶ್ರಿತರಿಗೆ ಅವು ಪ್ರಯಾಣ ದಾಖಲೆ ಕೊಡಬೇಕು. ಭಾರತ ಅದಕ್ಕೆ ಸಹಿ ಹಾಕಿಲ್ಲ, 1967ರ ಪೂರಕ ಒಪ್ಪಂದಕ್ಕೂ ಹಾಕಿಲ್ಲ. ಆದ್ದರಿಂದ ಹಳದಿ ಪುಸ್ತಕ ಪಾಸ್‌ಪೋರ್ಟೂ ಅಲ್ಲ, ಒಡಂಬಡಿಕೆಯ ದಾಖಲೆಯೂ ಅಲ್ಲ. ಅದನ್ನು ಹಿಡಿದವನು ದೇಶ ಬಿಡಲು ಒಂದು ಅನುಮತಿ, ಮರಳಿ ಬರಲು ಇನ್ನೊಂದು ಅನುಮತಿ ಕೇಳುವ ವ್ಯವಸ್ಥೆಯಲ್ಲೇ ಬದುಕು ಸವೆಸಿದ್ದಾನೆ. ಕಾನೂನಿನ ಕಣ್ಣಿಗೆ ಅವನು ಮುಂಡಗೋಡದಲ್ಲಿ ಹುಟ್ಟಿದ ವಿದೇಶಿ.

ಇನ್ನು ವೀಸಾ ಕೊಡುವವರ ತರ್ಕ ನೋಡಿ. ಸಂದರ್ಶಕ ವೀಸಾದ ತಿರುಳೇ 'ನೀನು ಮರಳುತ್ತೀ ಎಂಬುದನ್ನು ಸಾಬೀತುಪಡಿಸು' ಎಂಬುದು. ಅಮೆರಿಕದ ವಲಸೆ ಕಾನೂನಿನ 214(ಬಿ) ಕಲಮು, ಅರ್ಜಿದಾರ ಅಲ್ಲೇ ನೆಲೆಸಲು ಬರುತ್ತಿದ್ದಾನೆಂದು ಮೊದಲೇ ಭಾವಿಸುತ್ತದೆ. ಅಲ್ಲವೆಂದು ತೋರಿಸುವ ಹೊರೆ ಅರ್ಜಿದಾರನದು. ಯುರೋಪಿನ ಷೆಂಗೆನ್ ವೀಸಾಕ್ಕೂ ಮರಳುವ ಇರಾದೆಯ ಪುರಾವೆ ಬೇಕು. ಮನೆ, ಹೊಲ, ನೌಕರಿ ತೋರಿಸಬೇಕು. ಶಿಬಿರದ ಜಮೀನು ಟಿಬೆಟಿಯನ್ನನ ಹೆಸರಿನಲ್ಲಿಲ್ಲ. ದೇಶ ಕಳೆದುಕೊಂಡದ್ದಕ್ಕೇ ಒಬ್ಬನಿಗೆ ನಿರಾಶ್ರಿತನೆಂಬ ದಾಖಲೆ ಕೊಟ್ಟು, ಅದೇ ದಾಖಲೆ ಹಿಡಿದು ಬಂದಾಗ 'ನಿನಗೆ ಮರಳಲು ದೇಶವೆಲ್ಲಿ?' ಎಂದು ಕೇಳುವುದು ಯಾವ ನ್ಯಾಯ? ಕಾಲು ಮುರಿದವನಿಗೆ ಊರುಗೋಲು ಕೊಟ್ಟು, ಊರುಗೋಲು ಇದೆಯೆಂಬ ಕಾರಣಕ್ಕೆ ದಾರಿ ತಡೆದಂತಾಯಿತು.

ಹಾಗಾದರೆ ಅಕ್ಕನೇ ಬಂದು ಹೋಗಲಿ ಎನ್ನುತ್ತೀರಾ? ಆಕೆಯ ಬಳಿಯಿರುವುದೂ ನಿರಾಶ್ರಿತರ ಪ್ರಯಾಣ ದಾಖಲೆಯೇ. ಇಲ್ಲಿ ಬಾಗಿಲು ಹಾಕಿರುವವರು ಪರದೇಶದವರಲ್ಲ, ನಾವೇ. ಯುರೋಪಿನ ಪ್ರವಾಸಿ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಭಾರತದ ಇ-ವೀಸಾ ಪಡೆಯುತ್ತಾನೆ. ಪಾಸ್‌ಪೋರ್ಟ್ ಇಲ್ಲದೆ ಪ್ರಯಾಣ ದಾಖಲೆ ಮಾತ್ರ ಇರುವವರಿಗೆ ಆ ಸೌಲಭ್ಯವಿಲ್ಲ. ಅವರು ರಾಯಭಾರ ಕಚೇರಿಯ ಮೂಲಕವೇ ಅರ್ಜಿ ಹಾಕಿ ಕಾಯಬೇಕು. ವೀಸಾ ಸಿಕ್ಕರೂ ಮುಗಿಯಲಿಲ್ಲ. ಬೈಲಕುಪ್ಪೆ, ಮುಂಡಗೋಡದಂಥ ಶಿಬಿರಗಳಲ್ಲಿ ತಂಗಲು ವಿದೇಶಿಯರಿಗೆ ಗೃಹ ಸಚಿವಾಲಯದ ವಿಶೇಷ ಪರವಾನಿಗೆ ಬೇಕು. ಅಂದರೆ ಹೆತ್ತ ತಾಯಿಯ ಮನೆಯಲ್ಲಿ ರಾತ್ರಿ ಕಳೆಯಲು ಮಗಳು ದಿಲ್ಲಿಯನ್ನು ಕೇಳಬೇಕು! ತಮ್ಮನಿಗೆ ಹೋಗಲಾಗದು, ಅಕ್ಕನಿಗೆ ಸುಲಭವಾಗಿ ಬರಲಾಗದು. ನಡುವೆ ಮುದಿ ತಾಯಿ.

ಇವರೆಲ್ಲ ಕದ್ದು ನುಸುಳಿದವರೇನೂ ಅಲ್ಲ. 1959ರಲ್ಲಿ ದಲಾಯಿ ಲಾಮಾರ ಬೆನ್ನಿಗೆ ಬಂದವರಿಗೆ ಅಂದಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಕಾಡಿನ ನೆಲ ಕೊಟ್ಟು ಕರೆಯಿತು. 1966ರಲ್ಲಿ ಮುಂಡಗೋಡ, ಆಮೇಲೆ ಹುಣಸೂರು, ಒಡೆಯರಪಾಳ್ಯ. ಅದು ಕನ್ನಡಿಗರು ಹೆಮ್ಮೆ ಪಡಬೇಕಾದ ಕೆಲಸ. ಆದರೆ ಅತಿಥಿಗೆ ಜಾಗ ಕೊಟ್ಟೆವೆಂದು ಅವನ ಮೊಮ್ಮಕ್ಕಳನ್ನೂ ಜಗಲಿಯಲ್ಲೇ ಕೂರಿಸಬಹುದೇ?

'ಅಷ್ಟು ಕಷ್ಟವಿದ್ದರೆ ಪೌರತ್ವ ತೆಗೆದುಕೊಳ್ಳಲಿ' ಎನ್ನುವವರಿದ್ದಾರೆ. ಅವರು ಕಾನೂನನ್ನು ಓದಲಿ. ಪೌರತ್ವ ಕಾಯ್ದೆಯಂತೆ 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ಆದರೂ ಟಿಬೆಟಿಯನ್ನರಿಗೆ ಪಾಸ್‌ಪೋರ್ಟ್ ನಿರಾಕರಿಸಲಾಗುತ್ತಿತ್ತು. ನಮ್ಗ್ಯಾಲ್ ದೋಲ್ಕರ್ ಎಂಬ ಹೆಣ್ಣುಮಗಳು ದಿಲ್ಲಿ ಹೈಕೋರ್ಟಿಗೆ ಹೋಗಿ 2010ರ ಡಿಸೆಂಬರಿನಲ್ಲಿ ಗೆದ್ದರು. 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟೂ ಅದೇ ದಾರಿಯಲ್ಲಿ ತೀರ್ಪು ಕೊಟ್ಟಿತು. ಮತ್ತೊಂದು ತೀರ್ಪು ಬಂದ ಮೇಲೆಯೇ, 2017ರಲ್ಲಿ, ಪಾಸ್‌ಪೋರ್ಟ್ ಕಚೇರಿಗಳಿಗೆ ಸ್ಪಷ್ಟ ಆದೇಶ ಹೋಯಿತು. ಅದರೊಂದಿಗೆ ಷರತ್ತೂ ಬಂತು: ಹಳದಿ ಪುಸ್ತಕ ಒಪ್ಪಿಸಬೇಕು, ಶಿಬಿರದಲ್ಲಿ ಇರಕೂಡದು. ಪಾಸ್‌ಪೋರ್ಟ್ ಬೇಕಾದರೆ ಮನೆ ಬಿಡು ಎಂದಾಯಿತು. ನಮ್ಮ ಸ್ವೆಟರ್ ವ್ಯಾಪಾರಿಯೋ 1990ರಲ್ಲಿ ಹುಟ್ಟಿದವನು. ಮೂರು ವರ್ಷ ತಡವಾಗಿ ಹುಟ್ಟಿದ ತಪ್ಪಿಗೆ ಅವನಿಗೆ ಆ ಬಾಗಿಲೂ ಇಲ್ಲ.

ಕಾಗದದ ಮಹಿಮೆ ನಮ್ಮ ಭಾಗದವರಿಗೆ ಹೊಸತಲ್ಲ. 1947ರ ಮೊದಲು ಜಮಖಂಡಿಯವರು ಪಟವರ್ಧನರ ಪ್ರಜೆಗಳು, ಮುಧೋಳದವರು ಘೋರ್ಪಡೆಯವರ ಪ್ರಜೆಗಳು, ರಬಕವಿಯವರು ಸಾಂಗ್ಲಿ ಸಂಸ್ಥಾನದವರು; ಬೀಳಗಿ ಮಾತ್ರ ನೇರ ಬ್ರಿಟಿಷ್ ಆಳ್ವಿಕೆಯಲ್ಲಿತ್ತು. ಹೀಗಾಗಿ ಬೀಳಗಿಯವನು ಬ್ರಿಟಿಷ್ ಪ್ರಜೆ, ಜಮಖಂಡಿಯವನು ಬರೀ 'ಬ್ರಿಟಿಷ್ ರಕ್ಷಣೆಗೊಳಪಟ್ಟ ವ್ಯಕ್ತಿ'. ಒಂದು ದಿನದ ನಡಿಗೆಯ ಅಂತರದಲ್ಲಿ ಎರಡು ಬಗೆಯ ಮನುಷ್ಯರು! ಸಂವಿಧಾನ ಬಂದು ಒಂದೇ ಸಾಲಿನಲ್ಲಿ ಎಲ್ಲರನ್ನೂ ಪೌರರನ್ನಾಗಿ ಮಾಡಿತು. ನಮ್ಮ ಅಜ್ಜಂದಿರು ಅದಕ್ಕಾಗಿ ಸಾಲಿನಲ್ಲಿ ನಿಲ್ಲಲಿಲ್ಲ, ಪುರಾವೆ ಕೊಡಲಿಲ್ಲ. ನಮಗೆ ಪುಕ್ಕಟೆ ಸಿಕ್ಕಿದ್ದನ್ನು ಇನ್ನೊಬ್ಬ ಕೇಳಿದಾಗ ಹುಬ್ಬು ಗಂಟಿಕ್ಕುವುದು ಸಲ್ಲ.

ಮುಳುಗಡೆಯನ್ನೂ ನೆನೆಯೋಣ. ಆಲಮಟ್ಟಿಯ ಹಿನ್ನೀರು ಬೀಳಗಿಯ ಹಳ್ಳಿಗಳನ್ನು ನುಂಗಿದಾಗ, ಇಲ್ಲದ ಊರಿನ ದಾಖಲೆ ಹಿಡಿದು ಕಚೇರಿ ಅಲೆದವರು ನಮ್ಮವರೇ. ಆಣೆಕಟ್ಟೆಯ ನೀರಿನ ಮಟ್ಟ 519.6 ಮೀಟರಿನಿಂದ 524.256 ಮೀಟರಿಗೆ ಏರುವ ಮಾತು ಬಂದಾಗಲೆಲ್ಲ ನಿದ್ದೆ ಕೆಡುವುದೂ ನಮ್ಮವರಿಗೇ. ಊರು ಹೋದವನ ಸಂಕಟ ಏನೆಂದು ಪುನರ್ವಸತಿ ಕೇಂದ್ರದವರನ್ನು ಕೇಳಿ. ಅವರಿಗೆ ದೇಶವಾದರೂ ಉಳಿದಿದೆ.

ಈಗ ಕಹಿ ಮಾತಿಗೆ ಬರೋಣ. ನಮ್ಮ ಸಮಾಜದಲ್ಲಿ ಕರುಣೆಯೂ ಪಾಲಾಗಿದೆ. ಟಿಬೆಟಿಯನ್ನರಿಗಾಗಿ ಮರುಗುವವರು ರೋಹಿಂಗ್ಯಾ ಎಂಬ ಹೆಸರೆತ್ತಿದರೆ ಮುಖ ತಿರುಗಿಸುತ್ತಾರೆ. ಪ್ಯಾಲೆಸ್ತೀನಿಗಾಗಿ ಸಭೆ ನಡೆಸುವ ನಾವು ಮುಂಡಗೋಡದ ಕಡೆ ನೋಡುವುದೇ ಇಲ್ಲ. ಈಜಿಪ್ಟ್ ಕೊಟ್ಟ ಪ್ರಯಾಣ ದಾಖಲೆ ಹಿಡಿದ ಪ್ಯಾಲೆಸ್ತೀನಿಗೆ ಈಜಿಪ್ಟನ್ನೇ ಪ್ರವೇಶಿಸಲು ವೀಸಾ ಬೇಕು ಎಂದರೆ ನಾವು ಕುದಿಯುತ್ತೇವೆ. ಹಳದಿ ಪುಸ್ತಕದವನಿಗೆ ಮರಳುವ ಅನುಮತಿ ಬೇಕು ಎಂದರೆ ಸುಮ್ಮನಿರುತ್ತೇವೆ. ಎರಡೂ ಒಂದೇ ಅನ್ಯಾಯವಲ್ಲವೇ?

ಸರಕಾರವೂ ಇದನ್ನೇ ಮಾಡುತ್ತಿದೆ. 2019ರ ಪೌರತ್ವ ತಿದ್ದುಪಡಿ ಮೂರು ದೇಶಗಳ ಆರು ಧರ್ಮದವರನ್ನು ಹೆಸರಿಸಿ ಮುಸ್ಲಿಮರನ್ನು ಹೊರಗಿಟ್ಟಿತು. ಆದರೆ ಶ್ರೀಲಂಕಾದ ತಮಿಳರಿಗೂ ಟಿಬೆಟಿನ ಬೌದ್ಧರಿಗೂ ಅದರಲ್ಲಿ ಜಾಗ ಸಿಗಲಿಲ್ಲ. 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ವಲಸೆ ಮತ್ತು ವಿದೇಶಿಯರ ಕಾಯ್ದೆಯಡಿ ಹೊರಟ ಆದೇಶ ಕೆಲವು ಗುಂಪುಗಳಿಗೆ ವಿನಾಯಿತಿ ಕೊಟ್ಟಿತು. ನೋಂದಾಯಿತ ಟಿಬೆಟಿಯನ್ನರು ಅದರಲ್ಲಿದ್ದಾರೆ. ಒಳ್ಳೆಯದೇ. ಆದರೆ ವಿನಾಯಿತಿ ಹಕ್ಕಲ್ಲ. ಇಂದು ಕೊಟ್ಟವರು ನಾಳೆ ಕಿತ್ತುಕೊಳ್ಳಬಹುದು. 2015ರಲ್ಲಿ ಶಶಿ ತರೂರ್ ಲೋಕಸಭೆಯಲ್ಲಿ ಆಶ್ರಯ ಮಸೂದೆಯೊಂದನ್ನು ಖಾಸಗಿಯಾಗಿ ಮಂಡಿಸಿದ್ದರು. ಅದು ಕಾನೂನಾಗಲಿಲ್ಲ.

ದೇಶದ ಭದ್ರತೆಯ ಮಾತೆತ್ತುವವರಿಗೆ ನಮ್ಮ ಉತ್ತರ ಸರಳ. ಹೆಸರು, ಬೆರಳಚ್ಚು, ವಿಳಾಸ ಕೊಟ್ಟು ನೋಂದಣಿ ಮಾಡಿಸಿಕೊಂಡವನಿಂದ ಭಯವೇಕೆ? ಕಾನೂನಿಲ್ಲದ ಕತ್ತಲಲ್ಲೇ ದಲ್ಲಾಳಿಗಳು ಬೆಳೆಯುವುದು, ನಕಲಿ ದಾಖಲೆ ಹುಟ್ಟುವುದು.

ನಾವು ಕೇಳುವುದು ಹೆಚ್ಚೇನಿಲ್ಲ. ಧರ್ಮ ನೋಡದ ನಿರಾಶ್ರಿತರ ಕಾನೂನೊಂದು ಬರಲಿ. ಹಳದಿ ಪುಸ್ತಕದೊಳಗೇ ಮರಳುವ ಹಕ್ಕು ಅಚ್ಚಾಗಿರಲಿ. ಆಗ ಯಾವ ವೀಸಾ ಅಧಿಕಾರಿಯೂ 'ಎಲ್ಲಿಗೆ ಹೋಗ್ತೀ' ಎಂದು ನಗಲಾರ. ಪ್ರಯಾಣ ದಾಖಲೆ ಹಿಡಿದು ಬರುವ ಮಗಳಿಗೆ ತಾಯಿಯ ಮನೆಯಲ್ಲಿ ಮಲಗಲು ಪರವಾನಿಗೆಯ ಗೋಳು ಬೇಡ.

ಸ್ವೆಟರ್ ವ್ಯಾಪಾರಿ ಚಳಿ ಮುಗಿದೊಡನೆ ಗಂಟು ಕಟ್ಟಿ ಹೊರಟ. 'ಮತ್ತೆ ಅರ್ಜಿ ಹಾಕ್ತೀಯೇನಪ್ಪಾ' ಎಂದೆವು. 'ಅವ್ವಗ ವಯಸ್ಸಾತ್ರಿ, ಹಾಕಬೇಕ್ರಿ' ಎಂದ. ಎಲ್ಲಿಗೆ ಹೊರಟೆ ಎಂದು ನಾವು ಕೇಳಲಿಲ್ಲ. ಊರಿಗೆ ಹೊರಟಿದ್ದ. ಅವನ ಊರು ಮುಂಡಗೋಡವೆಂದು ಜಮಖಂಡಿಯ ಬಜಾರಿಗೆ ಗೊತ್ತಿದೆ. ದಿಲ್ಲಿಗೆ ಯಾವಾಗ ಗೊತ್ತಾಗುತ್ತದೆ?