ಹೆಳವರ ಹೊತ್ತಿಗೆಗಳು ಉಳಿಯಲಿ



ಇಂದಿನ ಅವೆನ್ಯೂ ರಸ್ತೆ ಹಿಂದಿನ ದೊಡ್ಡಪೇಟೆ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆಯ ಮುಖ್ಯ ಬೀದಿ. ಇಲ್ಲಿ ತಲೆಮಾರುಗಳಿಂದ ವ್ಯಾಪಾರ ಮಾಡಿದ ಎಷ್ಟೋ ಮನೆಗಳ ಮಕ್ಕಳಿಗೆ ಮುತ್ತಜ್ಜನ ಹೆಸರೂ ಗೊತ್ತಿಲ್ಲ. ಹಳ್ಳಿಯಲ್ಲಿ ಬೇರಿರುವವರು ಹೆಳವರನ್ನು ಕೇಳಬೇಕು. ಎತ್ತಿನೊಂದಿಗೆ ಬಂದು, ಮನೆ ಮುಂದೆ ವಂಶಾವಳಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು, ದವಸ, ಬಟ್ಟೆ ಪಡೆದು ಹೋಗುವವರು ಅವರು. ನಮ್ಮ ತಾತ ಊರು ಬಿಟ್ಟು ದೊಡ್ಡಪೇಟೆಗೆ ಬಂದ ಸಂಗತಿ ನಮ್ಮ ಮನೆಯ ಯಾವ ಕಾಗದದಲ್ಲೂ ಇರಲಿಲ್ಲ. ಬಟ್ಟೆ ಸುತ್ತಿದ, ಅಂಚು ಸವೆದ ಹೆಳವರ ಪುಸ್ತಕದಲ್ಲಿತ್ತು. ಹೆಳವರ ಮಕ್ಕಳು ಈಗ ಬೇರೆ ಕೆಲಸ ಹಿಡಿಯುತ್ತಿದ್ದಾರೆ, ಅದು ಸಹಜವೇ. ಆದರೆ ಪುಸ್ತಕಗಳು ಕಳೆದುಹೋಗಬಾರದು. ರಾಜ್ಯ ಪತ್ರಾಗಾರ ಇಲಾಖೆ ಅವರ ಒಪ್ಪಿಗೆ ಪಡೆದು, ತಕ್ಕ ಸಂಭಾವನೆ ಕೊಟ್ಟು, ಈ ಪುಸ್ತಕಗಳನ್ನು ಸ್ಕ್ಯಾನ್ ಮಾಡಿಸಲಿ. ಮೂಲಪ್ರತಿ ಹೆಳವರಲ್ಲೇ ಇರಲಿ.

– ಓದುಗ, ಚಾಮರಾಜಪೇಟೆ, ಬೆಂಗಳೂರು