ಆಟ ನೋಡುವ ಹೊಸ ಹುರುಪು ಮತ್ತು ನಮ್ಮ ಹೊಣೆ

2022ರ ಡಿಸೆಂಬರ್ 10ರಂದು ಕತಾರ್‌ನಲ್ಲಿ ಮೊರಾಕ್ಕೊ ತಂಡವು ಪೋರ್ಚುಗಲ್ ತಂಡವನ್ನು 1-0 ಅಂತರದಿಂದ ಸೋಲಿಸಿತು. ಫುಟ್ಬಾಲ್ ವಿಶ್ವಕಪ್‌ನ ಇತಿಹಾಸದಲ್ಲಿ ಆಫ್ರಿಕಾ ಖಂಡದ ತಂಡವೊಂದು, ಹಾಗೆಯೇ ಅರಬ್ ನಾಡಿನ ತಂಡವೊಂದು ಸೆಮಿಫೈನಲ್ ತಲುಪಿದ್ದು ಅದೇ ಮೊದಲು. ಗಲ್ಫ್‌ನಲ್ಲಿ ದುಡಿಯುವವರು ತುಂಬಿರುವ ನಮ್ಮ ಕರಾವಳಿಯ ಮನೆಗಳಿಗೆ ಕತಾರ್ ದೂರದ ಹೆಸರೇನಲ್ಲ. ಆ ದಿನಗಳಲ್ಲಿ ಇಂತಹ ಮನೆಗಳಲ್ಲಿ ಹೊಸ ಬಗೆಯ ಅಭಿಮಾನಿಗಳು ಹುಟ್ಟಿಕೊಂಡರು. ಆಫ್‌ಸೈಡ್ ಎಂದರೇನೆಂದು ಅರಿಯದ ತಾಯಂದಿರು, ಚೆಂಡಾಟದತ್ತ ಎಂದೂ ಮುಖ ತಿರುಗಿಸದ ಹಿರಿಯರು, ಕ್ರಿಕೆಟ್ ಬಿಟ್ಟರೆ ಬೇರೆ ಆಟವೇ ಇಲ್ಲವೆಂದುಕೊಂಡಿದ್ದ ಹುಡುಗರು ಆಟಗಾರರ ಹೆಸರುಗಳನ್ನು ಬಾಯಿಪಾಠ ಮಾಡಿಕೊಂಡರು.

ಈ ಹುರುಪನ್ನು ಹೇಗೆ ಕಾಣಬೇಕು ಎಂಬ ಪ್ರಶ್ನೆ ಪ್ರತಿಯೊಂದು ದೊಡ್ಡ ಪಂದ್ಯಾವಳಿಯ ಹೊತ್ತಿಗೂ ನಮ್ಮ ನಡುವೆ ಎದ್ದು ನಿಲ್ಲುತ್ತದೆ. ಕೆಲವರು ಎಲ್ಲವನ್ನೂ ವ್ಯರ್ಥ ಕಾಲಹರಣವೆಂದು ತಳ್ಳಿಹಾಕುತ್ತಾರೆ. ಇನ್ನು ಕೆಲವರು ‘ಮಕ್ಕಳು ಏನಾದರೂ ನೋಡಿಕೊಳ್ಳಲಿ’ ಎಂದು ಕೈಚೆಲ್ಲುತ್ತಾರೆ. ಮೊದಲನೆಯವರು ಮಕ್ಕಳನ್ನು ದೂರ ಮಾಡಿಕೊಳ್ಳುತ್ತಾರೆ, ಎರಡನೆಯವರು ಅವರನ್ನು ಒಂಟಿಯಾಗಿ ಬಿಡುತ್ತಾರೆ. ಹೊಸ ಅಭಿಮಾನಿಯನ್ನು ಗದರಿಸುವ ಬದಲು ಅವನ ಪಕ್ಕದಲ್ಲಿ ಕುಳಿತು ಹೇಗೆ ನೋಡಬೇಕೆಂದು ಕಲಿಸುವುದೇ ಹಿರಿಯರ ಕರ್ತವ್ಯ ಎಂಬುದು ನಮ್ಮ ಅಭಿಪ್ರಾಯ.

ಇದಕ್ಕೆ ನಮಗೆ ಅತ್ಯುನ್ನತ ಮಾದರಿಯಿದೆ. ಒಂದು ಈದ್ ದಿನ ಅಬಿಸೀನಿಯಾದ ಜನರು ಮದೀನದ ಮಸೀದಿಯಲ್ಲಿ ಭರ್ಚಿ ಮತ್ತು ಗುರಾಣಿಗಳಿಂದ ಆಟವಾಡುತ್ತಿದ್ದರು. ಪ್ರವಾದಿ ಮುಹಮ್ಮದ್(ಸ) ತಮ್ಮ ಪತ್ನಿ ಆಯಿಶಾ(ರ)ರಿಗೆ ಅದನ್ನು ತೋರಿಸಿದರು. ಆಯಿಶಾ(ರ) ಅವರ ಭುಜದ ಹಿಂದೆ ನಿಂತು ನೋಡಿದರು. ಅವರಿಗೆ ಸಾಕೆನಿಸುವವರೆಗೂ ಪ್ರವಾದಿ(ಸ) ಅಲ್ಲಿಂದ ಕದಲಲಿಲ್ಲ. ಆಟದ ಆಸೆಯುಳ್ಳ ಎಳೆಯ ಹರೆಯದವರ ಮನಸ್ಸನ್ನು ಅರಿತು ನಡೆಯಿರಿ ಎಂಬ ಅರ್ಥದ ಮಾತನ್ನೂ ಆಯಿಶಾ(ರ) ಇದೇ ಘಟನೆಯನ್ನು ನೆನೆದು ಹೇಳಿದ್ದಾರೆ. ಆಟವನ್ನು ನೋಡುವ ಸಂತೋಷವು ತನ್ನಷ್ಟಕ್ಕೆ ತಪ್ಪಲ್ಲ ಎಂಬುದಕ್ಕೆ ಬುಖಾರಿಯಲ್ಲಿರುವ ಈ ವರದಿಯೇ ಸಾಕು. ಸಮುದಾಯದ ನಾಯಕರೂ ಆದ ಆ ಪತಿ, ನೋಡುವವರ ಸಂತೋಷಕ್ಕಾಗಿ ತಾವೇ ನಿಂತು ಕಾದರು ಎಂಬುದನ್ನು ನಾವು ಮರೆಯಬಾರದು.

ಹೊಸ ಅಭಿಮಾನಿಯ ಕಣ್ಣಿಗೆ ಒಂದು ವಿಶೇಷವಿದೆ. ಹಳೆಯ ಅಭಿಮಾನಿ ಅಂಕಿ ಅಂಶಗಳನ್ನು ನೋಡುತ್ತಾನೆ, ಹೊಸಬನು ಮನುಷ್ಯರನ್ನು ನೋಡುತ್ತಾನೆ. ಅಶ್ರಫ್ ಹಕೀಮಿ ಮೊರಾಕ್ಕೊ ಪರ ಆಡುವವನಾದರೂ ಹುಟ್ಟಿದ್ದು ಮ್ಯಾಡ್ರಿಡ್‌ನಲ್ಲಿ. ಅವನ ತಾಯಿ ಪರರ ಮನೆಗಳನ್ನು ಗುಡಿಸಿ ಒರೆಸಿದವರು, ತಂದೆ ಬೀದಿಬದಿ ವ್ಯಾಪಾರಿ. ತಾನು ಹುಟ್ಟಿದ ಸ್ಪೇನ್ ದೇಶದ ವಿರುದ್ಧವೇ ಕೊನೆಯ ಪೆನಾಲ್ಟಿಯನ್ನು ಗುರಿ ಮುಟ್ಟಿಸಿದವನು ಅವನು. ಬೆಲ್ಜಿಯಂ ವಿರುದ್ಧ ಗೆದ್ದ ದಿನ ಅವನು ಪ್ರೇಕ್ಷಕರ ಸಾಲಿನತ್ತ ಹೋಗಿ ತಾಯಿಯ ಬಳಿ ನಿಂತ ದೃಶ್ಯ ಜಗತ್ತಿನಾದ್ಯಂತ ಹಬ್ಬಿತು. ಆ ತಂಡದ 26 ಆಟಗಾರರಲ್ಲಿ 14 ಮಂದಿ ಮೊರಾಕ್ಕೊದ ಹೊರಗೆ ಹುಟ್ಟಿದವರು. ವಲಸೆ, ಬಡತನ, ಹೆತ್ತವರ ತ್ಯಾಗ ಎಂದರೇನೆಂದು ನಮ್ಮ ಮಕ್ಕಳಿಗೆ ವಿವರಿಸಲು ಇದಕ್ಕಿಂತ ಒಳ್ಳೆಯ ಪಾಠ ಎಲ್ಲಿದೆ? ಗಲ್ಫ್‌ನಲ್ಲಿ ದುಡಿಯುವ ತಂದೆಯನ್ನು ವರ್ಷಕ್ಕೊಮ್ಮೆ ಮಾತ್ರ ಕಾಣುವ ಮಗುವಿಗೆ ಇದು ಬೇಗ ಅರ್ಥವಾಗುತ್ತದೆ.

ಆದರೆ ಹುರುಪಿಗೆ ಒಂದು ಬೆಲೆಯೂ ಉಂಟು. ಮೊರಾಕ್ಕೊ ಮತ್ತು ಫ್ರಾನ್ಸ್ ನಡುವಿನ ಸೆಮಿಫೈನಲ್ ಭಾರತದ ಸಮಯದಲ್ಲಿ ಮಧ್ಯರಾತ್ರಿ 12.30ಕ್ಕೆ ಆರಂಭವಾಗಿತ್ತು. ಮುಗಿದಾಗ ಗಂಟೆ ಎರಡು ದಾಟಿತ್ತು. ಅದಾಗಿ ಕೆಲವೇ ತಾಸುಗಳಲ್ಲಿ ಸುಬ್‌ಹಿ ಬಾಂಗ್. ಇಶಾಕ್ಕೆ ಮೊದಲು ನಿದ್ರಿಸುವುದನ್ನೂ ಅದರ ಬಳಿಕ ಹರಟುತ್ತಾ ಕೂರುವುದನ್ನೂ ಪ್ರವಾದಿ(ಸ) ಇಷ್ಟಪಡುತ್ತಿರಲಿಲ್ಲ ಎಂದು ವರದಿಯಾಗಿದೆ. ರಾತ್ರಿಯ ಎಚ್ಚರಕ್ಕೆ ಬೆಳಗಿನ ನಮಾಝ್ ಬಲಿಯಾಗಬಾರದು ಎಂಬ ಕಾಳಜಿ ಅದರ ಹಿಂದಿದೆಯೆಂದು ವಿದ್ವಾಂಸರು ವಿವರಿಸಿದ್ದಾರೆ. 2026ರ ವಿಶ್ವಕಪ್‌ಗೆ ಗೊತ್ತುಮಾಡಲಾಗಿರುವುದು ಅಮೆರಿಕ, ಕೆನಡಾ ಮತ್ತು ಮೆಕ್ಸಿಕೊ. 48 ತಂಡಗಳು, 104 ಪಂದ್ಯಗಳು. ಅಲ್ಲಿಯ ಸಂಜೆ ಎಂದರೆ ಇಲ್ಲಿಯ ನಸುಕು. ಎಲ್ಲವನ್ನೂ ನೋಡುತ್ತೇನೆಂದು ಹೊರಟವನ ಸುಬ್‌ಹಿಯೂ ಶಾಲೆಯೂ ದುಡಿಮೆಯೂ ಕೆಡುತ್ತದೆ. ಯಾವ ಪಂದ್ಯ ನೋಡಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಮನೆಯವರೆಲ್ಲರೂ ಕುಳಿತು ಮೊದಲೇ ನಿರ್ಧರಿಸಲಿ. ಬಿಡುವುದನ್ನು ಕಲಿತವನಿಗೆ ಮಾತ್ರ ನೋಡುವುದರ ಸುಖ ದಕ್ಕುತ್ತದೆ.

ಎರಡನೆಯ ಬೆಲೆ ಹಣದ್ದು. ಆಟದ ಪಕ್ಕದಲ್ಲೇ ಜೂಜು ಹೊಂಚು ಹಾಕಿ ಕುಳಿತಿರುತ್ತದೆ. ತಂಡ ಕಟ್ಟಿ ಹಣ ಗೆಲ್ಲಿ ಎಂದು ಕರೆಯುವ ಆ್ಯಪ್‌ಗಳಿಗೆ ಹೊಸ ಅಭಿಮಾನಿಯೇ ಸುಲಭದ ಬೇಟೆ, ಏಕೆಂದರೆ ಅವನಿಗೆ ಉತ್ಸಾಹ ಹೆಚ್ಚು, ಅನುಭವ ಕಡಿಮೆ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ನೀಡಿತು. ಕುರ್‌ಆನ್ ಜೂಜನ್ನು ಮದ್ಯದ ಜೊತೆಯಲ್ಲೇ ಸೇರಿಸಿ ತಡೆದು ಹದಿನಾಲ್ಕು ಶತಮಾನಗಳಾಗಿವೆ. ಗೆಳೆಯರ ನಡುವಿನ ‘ಸಣ್ಣ’ ಪಂತವೂ ಈ ವಿಧಿಗೆ ಹೊರತಲ್ಲವೆಂದು ಮಕ್ಕಳಿಗೆ ಸ್ಪಷ್ಟವಾಗಿ ತಿಳಿಸಬೇಕು.

ಮೂರನೆಯದು ಸೂಕ್ಷ್ಮವಾದದ್ದು. ಮೊರಾಕ್ಕೊ ಗೆದ್ದಾಗ ‘ನಾವು ಗೆದ್ದೆವು’ ಎಂದವರು ಬಹಳ. ಆ ಸಂತೋಷ ಸಹಜ. ಆದರೆ ಬೆವರು ಸುರಿಸಿದವರು ಅವರು, ಚಹಾ ಕುಡಿದವರು ನಾವು. ಪರರ ಗೆಲುವನ್ನೇ ತನ್ನ ಮಾನವೆಂದು ತಿಳಿದವನಿಗೆ ಪರರ ಸೋಲು ಅವಮಾನವಾಗಿ ಕಾಣುತ್ತದೆ, ಅವಮಾನವು ನಾಲಗೆಯನ್ನು ಕೆಡಿಸುತ್ತದೆ. 2021ರಲ್ಲಿ ಯುರೋಪ್ ಕಪ್ ಫೈನಲ್‌ನಲ್ಲಿ ಪೆನಾಲ್ಟಿ ತಪ್ಪಿಸಿದ ಇಂಗ್ಲೆಂಡಿನ ಮೂವರು ಕಪ್ಪು ಆಟಗಾರರು ಎಂತಹ ಜನಾಂಗೀಯ ನಿಂದನೆಗೆ ಗುರಿಯಾದರೆಂಬುದನ್ನು ಲೋಕವೇ ಕಂಡಿತು. ಕತಾರ್ ವಿಶ್ವಕಪ್‌ನ ಉದ್ಘಾಟನೆಯಲ್ಲಿ ಗಾನಿಮ್ ಅಲ್ ಮುಫ್ತಾಹ್ ಎಂಬ ಯುವಕ ಓದಿದ್ದು ಸೂರಃ ಅಲ್ ಹುಜುರಾತ್‌ನ ವಚನ. ಮಾನವರು ಪರಸ್ಪರ ಅರಿಯಲೆಂದೇ ಜನಾಂಗಗಳಾಗಿರುವರು ಎಂಬುದು ಅದರ ಆಶಯ. ಒಂದು ಪಂಗಡವು ಇನ್ನೊಂದನ್ನು ಹಾಸ್ಯ ಮಾಡಬಾರದು, ಅಡ್ಡ ಹೆಸರಿನಿಂದ ಕರೆಯಬಾರದು ಎಂದು ತಡೆದಿರುವುದೂ ಅದೇ ಅಧ್ಯಾಯ. ಎದುರಾಳಿ ತಂಡದ ಅಭಿಮಾನಿಯಾದ ನೆರೆಯವನನ್ನು ವಾಟ್ಸ್‌ಆ್ಯಪ್‌ನಲ್ಲಿ ಹೀಯಾಳಿಸುವ ಮುನ್ನ ಇದನ್ನು ನೆನೆಯೋಣ.

ಪ್ರವಾದಿ(ಸ)ರ ಬಳಿ ಅದ್‌ಬಾ ಎಂಬ ಒಂಟೆಯಿತ್ತು. ಓಟದಲ್ಲಿ ಅದನ್ನು ಯಾವ ಒಂಟೆಯೂ ಸೋಲಿಸಿರಲಿಲ್ಲ. ಒಮ್ಮೆ ಗ್ರಾಮೀಣ ಅರಬನೊಬ್ಬನ ಒಂಟೆ ಅದನ್ನು ಹಿಂದಿಕ್ಕಿತು. ಸಹಾಬಿಗಳು ನೊಂದುಕೊಂಡರು. ಅವರೂ ಒಂದರ್ಥದಲ್ಲಿ ಅಭಿಮಾನಿಗಳೇ ಆಗಿದ್ದರಲ್ಲವೇ! ಈ ಲೋಕದಲ್ಲಿ ಮೇಲೇರಿದ ಯಾವುದನ್ನೇ ಆದರೂ ಕೆಳಗಿಳಿಸುವುದು ಅಲ್ಲಾಹನ ಕ್ರಮ ಎಂಬರ್ಥದ ಮಾತಿನಿಂದ ಪ್ರವಾದಿ(ಸ) ಅವರನ್ನು ಸಮಾಧಾನಪಡಿಸಿದರು. ಗೆದ್ದ ರಾತ್ರಿ ಸುಜೂದ್ ಮಾಡಿದ್ದ ಮೊರಾಕ್ಕೊ ಆಟಗಾರರು ಫ್ರಾನ್ಸ್ ವಿರುದ್ಧ 2-0 ಅಂತರದಿಂದ ಸೋತ ರಾತ್ರಿಯೂ ಮೈದಾನದಲ್ಲಿ ಸುಜೂದ್ ಮಾಡಿದರು. ಇಡೀ ಪಂದ್ಯಾವಳಿಯಿಂದ ಒಂದೇ ಒಂದು ದೃಶ್ಯವನ್ನು ಮಕ್ಕಳ ನೆನಪಿನಲ್ಲಿ ಉಳಿಸಬೇಕೆಂದರೆ ನಾವು ಆರಿಸುವುದು ಇದನ್ನೇ.

ಕ್ರೀಡಾಂಗಣದ ಹೊಳಪಿನ ಹಿಂದಿನ ಕೈಗಳನ್ನೂ ತೋರಿಸೋಣ. ಕತಾರ್‌ನ ಆ ಕಟ್ಟಡಗಳನ್ನು ಭಾರತ, ನೇಪಾಳ, ಬಾಂಗ್ಲಾದೇಶಗಳ ವಲಸೆ ಕಾರ್ಮಿಕರು ಬಿಸಿಲಿನಲ್ಲಿ ಬೆಂದು ಕಟ್ಟಿದರು. ಅವರ ವೇತನ ಮತ್ತು ಸುರಕ್ಷೆಯ ಬಗ್ಗೆ ಎದ್ದ ಪ್ರಶ್ನೆಗಳು ಗಂಭೀರವಾದವು. ಆತಿಥೇಯರು ಮುಸ್ಲಿಮರೆಂಬ ಕಾರಣಕ್ಕೆ ಆ ಪ್ರಶ್ನೆಗಳನ್ನು ನಾವು ಬದಿಗಿಡಲಾಗದು. ಬೆವರು ಆರುವ ಮೊದಲೇ ಕೂಲಿ ಕೊಡಿರೆಂಬ ಬೋಧನೆ ನಮ್ಮದೇ ಅಲ್ಲವೇ?

ಕೊನೆಯದಾಗಿ, ಈ ಹುರುಪಿನಲ್ಲಿ ಮನೆಯ ಹೆಣ್ಣುಮಕ್ಕಳ ಪಾಲೇನು? ಗಂಡಸರು ಪರದೆಯ ಮುಂದೆ, ತಾಯಿ ಮತ್ತು ಅಕ್ಕತಂಗಿಯರು ಅಡುಗೆಮನೆಯಲ್ಲಿ ಎಂಬ ವ್ಯವಸ್ಥೆಗೆ ಆಯಿಶಾ(ರ)ರ ಘಟನೆಯಲ್ಲಿ ಆಧಾರ ಸಿಗದು. 2023ರ ಮಹಿಳಾ ವಿಶ್ವಕಪ್‌ನಲ್ಲಿ ಮೊರಾಕ್ಕೊದ ನುಹೈಲಾ ಬೆನ್‌ಝೀನಾ ಹಿಜಾಬ್ ಧರಿಸಿ ಆಡಿದಳು. ಆ ಮಟ್ಟದಲ್ಲಿ ಹಾಗೆ ಆಡಿದವರಲ್ಲಿ ಅವಳೇ ಮೊದಲಿಗಳು. ದಕ್ಷಿಣ ಕೊರಿಯಾ ವಿರುದ್ಧದ ಆ ಪಂದ್ಯವನ್ನು ಅವಳ ತಂಡ ಗೆದ್ದಿತು. ತಮ್ಮ ಮಗಳಿಗೆ ಈ ಹೆಸರನ್ನು ಹೇಳಿಕೊಟ್ಟ ತಂದೆಯರು ಎಷ್ಟು ಮಂದಿ?

ನೋಡುವ ಹುರುಪು ಮೈದಾನಕ್ಕೂ ಇಳಿಯಲಿ. ಬಲಿಷ್ಠ ವಿಶ್ವಾಸಿಯು ದುರ್ಬಲ ವಿಶ್ವಾಸಿಗಿಂತ ಅಲ್ಲಾಹನಿಗೆ ಹೆಚ್ಚು ಪ್ರಿಯನೆಂದು ಪ್ರವಾದಿ(ಸ) ಕಲಿಸಿದ್ದಾರೆ. ಅಸರ್ ನಮಾಝಿನ ಬಳಿಕ ಬಯಲಿನಲ್ಲಿ ಒಂದು ತಾಸು ಓಡಿದ ಹುಡುಗನಿಗೆ ರಾತ್ರಿ ಬೇಗ ನಿದ್ದೆ ಹತ್ತುತ್ತದೆ, ಸುಬ್‌ಹಿಗೆ ಎಚ್ಚರವೂ ಆಗುತ್ತದೆ. ನಮ್ಮ ಮಕ್ಕಳ ಸಂತೋಷದಲ್ಲಿ ಮಿತಿಯನ್ನೂ ಮಿತಿಯಲ್ಲಿ ಸಂತೋಷವನ್ನೂ ಅಲ್ಲಾಹನು ಕರುಣಿಸಲಿ. ಆಮೀನ್.