ಗುರುತುಳ್ಳ ವಾಹನಕ್ಕೆ ಕಳ್ಳಸಂತೆಯಲ್ಲಿ ಬೆಲೆಯಿಲ್ಲ

ಮಲೆನಾಡಿನಲ್ಲಿ ನಾಟಾ ವ್ಯವಹಾರ ಬಲ್ಲವರಿಗೆ ಸುತ್ತಿಗೆ ಗುರುತಿನ ಮಹತ್ವವನ್ನು ವಿವರಿಸಬೇಕಾಗಿಲ್ಲ. ಅರಣ್ಯ ಇಲಾಖೆಯ ಗುರುತು ಬೀಳದ ದಿಮ್ಮಿಯನ್ನು ಯಾವ ಸಾಮಿಲ್ಲಿನವನೂ ನೆಮ್ಮದಿಯಿಂದ ಒಳಗೆ ಇಳಿಸಿಕೊಳ್ಳಲಾರ. ಆ ಗುರುತು ಕಾಡಿನಲ್ಲಿ ಕಾವಲು ನಿಲ್ಲುವುದಿಲ್ಲ, ಕದ್ದ ಮಾಲಿಗೆ ಕೊಳ್ಳುವವನಿಲ್ಲದಂತೆ ಮಾಡುತ್ತದೆ. ಹಾಲ್‌ಮಾರ್ಕ್ ಚಿನ್ನದೊಡವೆಗಳ ಮಾರಾಟಕ್ಕೆ 2023ರ ಏಪ್ರಿಲ್ 1ರಿಂದ ಆರು ಅಕ್ಷರಾಂಕಗಳ ವಿಶಿಷ್ಟ ಗುರುತು ಕಡ್ಡಾಯವಾಗಿದ್ದು, ಪ್ರತಿಯೊಂದು ಒಡವೆಯೂ ತನ್ನ ಮೂಲವನ್ನು ತಾನೇ ಹೇಳುವಂತಾಗಿದೆ. ಇದೇ ಸರಳ ತತ್ತ್ವವನ್ನು ನಮ್ಮ ವಾಹನಗಳಿಗೆ ನಾವೇ ಏಕೆ ಅನ್ವಯಿಸಿಕೊಳ್ಳಬಾರದು?

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಸಣ್ಣ ವರ್ತಕನಿಗೆ ದ್ವಿಚಕ್ರ ವಾಹನವಾಗಲಿ ಪಿಕಪ್ ಆಗಲಿ ವಿಲಾಸದ ವಸ್ತುವಲ್ಲ. ಅದು ದುಡಿಯುವ ಬಂಡವಾಳ. ಅಡಿಕೆ ಮಂಡಿಗೆ, ಅಕ್ಕಿ ಗಿರಣಿಗೆ, ದೂರದ ಹಳ್ಳಿಯ ಗಿರಾಕಿಯ ಮನೆಗೆ ಸರಕು ಮುಟ್ಟುವುದು ಅದರಿಂದಲೇ. ಅದು ಕಳುವಾದರೆ ವಿಮೆ ಇದೆಯಲ್ಲ ಎನ್ನುವವರು ತಮ್ಮ ಪಾಲಿಸಿಯನ್ನು ಒಮ್ಮೆ ತೆರೆದು ನೋಡುವುದೊಳಿತು. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಗಳಿಗೆ ಐದು ವರ್ಷಗಳ ಮೂರನೆಯ ವ್ಯಕ್ತಿಯ ವಿಮೆ ಕಡ್ಡಾಯವಾಗಿದೆ. ಆದರೆ ಆ ವಿಮೆ ಕಳವಿನ ನಷ್ಟವನ್ನು ತುಂಬಿಕೊಡುವುದಿಲ್ಲ. ಸ್ವಂತ ಹಾನಿಯ ವಿಮೆಯನ್ನು ನವೀಕರಿಸದವನಿಗೆ ಕಳುವಾದ ದಿನವೇ ಇದರ ಅರಿವಾಗುತ್ತದೆ.

ಈ ಮಾತನ್ನು ಸ್ವಾನುಭವದಿಂದಲೇ ಬರೆಯುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ಸಂತೆಯ ದಿನ ನನ್ನ ಅಂಗಡಿಯ ದ್ವಿಚಕ್ರ ವಾಹನ ಕಣ್ಮರೆಯಾಯಿತು. ದೂರು ಕೊಟ್ಟದ್ದಾಯಿತು. ಎರಡು ತಿಂಗಳ ಬಳಿಕ ಬೇರೊಂದು ಊರಿನ ಹಳೆಯ ಬಿಡಿಭಾಗಗಳ ರಾಶಿಯಲ್ಲಿ ಒಂದು ಪೆಟ್ರೋಲ್ ಟ್ಯಾಂಕು ಕಂಡಿತು. ಅದರ ಬಲಮಗ್ಗುಲಿನ ತಗ್ಗು ನನಗೆ ಚಿರಪರಿಚಿತ. ಆದರೆ ತಗ್ಗು ಸಾಕ್ಷಿಯಾಗುವುದಿಲ್ಲ. “ಇಂಥವು ಊರಿಗೆ ನೂರಿವೆ” ಎಂದ ಅಂಗಡಿಯವನ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅವನೂ ಹಣ ಕೊಟ್ಟೇ ಕೊಂಡಿದ್ದಿರಬಹುದು. ಅದರ ಮೇಲೆ ನನ್ನ ವಾಹನದ ಸಂಖ್ಯೆ ಕೊರೆದಿದ್ದಿದ್ದರೆ ಅವನು ಅದನ್ನು ಕೊಳ್ಳುತ್ತಲೇ ಇರಲಿಲ್ಲ.

ನಮ್ಮ ಪ್ರದೇಶದ ಭೌಗೋಳಿಕ ಸ್ಥಿತಿಯೂ ಗಮನಾರ್ಹ. ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ, ಹೊಸನಗರದಿಂದ ಹುಲಿಕಲ್ ಘಾಟಿ, ಸಾಗರದಿಂದ ಹೊನ್ನಾವರದ ಹೆದ್ದಾರಿ: ಮೂರೂ ಕಡೆಯಿಂದ ಕೆಲವೇ ಗಂಟೆಗಳಲ್ಲಿ ಬೇರೆ ಜಿಲ್ಲೆ ತಲುಪಬಹುದು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಗಿ, ಸಿಗಂದೂರಿನ ದಾರಿಯಲ್ಲಿ ಲಾಂಚಿಗಾಗಿ ಕಾಯುವ ಕಷ್ಟ ತಪ್ಪಿತು. ದ್ವೀಪದ ಜನರ ದಶಕಗಳ ಬೇಡಿಕೆ ಈಡೇರಿದ್ದು ಸಂತೋಷದ ಸಂಗತಿ. ಆದರೆ ವ್ಯಾಪಾರಕ್ಕೆ ತೆರೆದ ದಾರಿ ಕಳ್ಳನಿಗೂ ತೆರೆದಿರುತ್ತದೆ.

ಈಗಿರುವ ಗುರುತುಗಳು ಯಾವುವು? ಚಾಸಿಸ್ಸಿನ ಮೇಲೆ ತಯಾರಕರು ಕೊರೆಯುವ ಹದಿನೇಳು ಅಕ್ಷರಾಂಕಗಳ ಸಂಖ್ಯೆ ಮೊದಲನೆಯದು. ಒಂದು ಮತ್ತು ಸೊನ್ನೆಗಳೊಡನೆ ಗೊಂದಲವಾಗದಿರಲೆಂದು ಅದರಲ್ಲಿ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದಿಲ್ಲ. ಅಚ್ಚೊತ್ತಿದ ಸಂಖ್ಯೆಯನ್ನು ಅರದಿಂದ ಉಜ್ಜಿದರೂ ಕೆಳಗಿನ ಲೋಹದಲ್ಲಿ ಒತ್ತಡದ ಕುರುಹು ಉಳಿಯುವುದರಿಂದ, ವಿಧಿವಿಜ್ಞಾನ ಪ್ರಯೋಗಾಲಯದವರು ರಾಸಾಯನಿಕ ಲೇಪಿಸಿ ಅನೇಕ ಸಲ ಅದನ್ನು ಮತ್ತೆ ಓದಬಲ್ಲರು. ಎರಡನೆಯದು ಅತಿ ಸುರಕ್ಷಿತ ನೋಂದಣಿ ಫಲಕ. ಕ್ರೋಮಿಯಂ ಹಾಲೊಗ್ರಾಂ, ಲೇಸರಿನಿಂದ ಕೊರೆದ ಪ್ರತ್ಯೇಕ ಸಂಖ್ಯೆ, ಬಿಚ್ಚಿದರೆ ಮುರಿಯುವ ಬೀಗ ಇವು ಅದರ ಲಕ್ಷಣಗಳು. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಇದು ಕಡ್ಡಾಯವಾಯಿತು. ಹಳೆಯ ವಾಹನಗಳಿಗೂ ಅಳವಡಿಸಬೇಕೆಂದು ಕರ್ನಾಟಕ ಸರ್ಕಾರ 2023ರ ಆಗಸ್ಟ್‌ನಲ್ಲಿ ಆದೇಶಿಸಿ, ಗಡುವನ್ನು ಹಲವು ಬಾರಿ ವಿಸ್ತರಿಸಿತು.

ಇವೆರಡೂ ಇಡಿಯಾದ ವಾಹನವನ್ನು ಗುರುತಿಸುತ್ತವೆಯೇ ಹೊರತು ಬಿಡಿಭಾಗಗಳನ್ನಲ್ಲ. ಕಳ್ಳ ಬಿಚ್ಚಿ ಮಾರುವುದು ಬಿಡಿಭಾಗಗಳನ್ನೇ. ಈ ಕೊರತೆಯನ್ನರಿತ ಅಮೆರಿಕ 1984ರಲ್ಲಿಯೇ ಹೆಚ್ಚು ಕಳುವಾಗುವ ಕಾರುಗಳ ಮುಖ್ಯ ಬಿಡಿಭಾಗಗಳಿಗೂ ಸಂಖ್ಯೆ ಹಾಕುವ ಕಾಯಿದೆ ಮಾಡಿತು. ದಕ್ಷಿಣ ಆಫ್ರಿಕ 2012ರಿಂದ ಹೊಸ ವಾಹನಗಳಿಗೆ ಸೂಕ್ಷ್ಮಚುಕ್ಕೆಗಳನ್ನು ಕಡ್ಡಾಯಗೊಳಿಸಿತು. ಮರಳಿನ ಕಣದಂಥ ಸಾವಿರಾರು ಚುಕ್ಕೆಗಳನ್ನು ಅಂಟಿನೊಡನೆ ಸಿಂಪಡಿಸಲಾಗುತ್ತದೆ. ಒಂದೊಂದು ಚುಕ್ಕೆಯ ಮೇಲೂ ವಾಹನದ ಗುರುತು ಸಂಖ್ಯೆಯಿರುತ್ತದೆ. ಅಂಟು ನೇರಳಾತೀತ ಬೆಳಕಿನಲ್ಲಿ ಹೊಳೆಯುತ್ತದೆ, ಸಂಖ್ಯೆಯನ್ನು ಭೂತಗನ್ನಡಿಯಿಂದ ಓದಬಹುದು. ಎಲ್ಲ ಚುಕ್ಕೆಗಳನ್ನೂ ಹುಡುಕಿ ಕೆರೆಯುವ ಹೊತ್ತಿಗೆ ಕಳ್ಳನ ಲಾಭವೇ ಕರಗಿರುತ್ತದೆ. ನಮ್ಮ ಕೇಂದ್ರ ಸಾರಿಗೆ ಸಚಿವಾಲಯವೂ 2019ರ ಜುಲೈಯಲ್ಲಿ ಕರಡು ಅಧಿಸೂಚನೆ ಹೊರಡಿಸಿ, ಇಂಥ ಚುಕ್ಕೆಗಳು ಎಐಎಸ್-155 ಮಾನದಂಡಕ್ಕೆ ಅನುಗುಣವಾಗಿರಬೇಕೆಂದು ಸೂಚಿಸಿತು.

ಜಿಪಿಎಸ್ ಇರುವಾಗ ಈ ಗೊಡವೆಯೇಕೆ ಎಂಬ ಆಕ್ಷೇಪ ಬರಬಹುದು. ಜಿಪಿಎಸ್ ಉಪಕರಣ ತಾನಿರುವ ಸ್ಥಳವನ್ನು ತಿಳಿಸಲು ಮೊಬೈಲ್ ಸಂಪರ್ಕ ಬೇಕು. ನಮ್ಮ ಘಾಟಿಗಳಲ್ಲಿ ಅದರ ಪಾಡೇನೆಂಬುದು ಎಲ್ಲರಿಗೂ ಗೊತ್ತು. ಅದರ ತಂತಿ ಕತ್ತರಿಸಲು ಕಳ್ಳನಿಗೆ ಹೆಚ್ಚು ಹೊತ್ತು ಬೇಡ. ಗುರುತಿಗೆ ಬ್ಯಾಟರಿಯೂ ಬೇಡ, ಮಾಸಿಕ ಶುಲ್ಕವೂ ಬೇಡ. ಹಾಗೆಂದು ಗುರುತು ಬೀಗಕ್ಕೆ ಬದಲಿಯಲ್ಲ. ಕೀಲಿಯನ್ನು ವಾಹನದಲ್ಲೇ ಬಿಟ್ಟು ಚಹಾ ಕುಡಿಯಲು ಹೋಗುವವನನ್ನು ಯಾವ ತಂತ್ರಜ್ಞಾನವೂ ಕಾಯಲಾರದು.

ಸೂಕ್ಷ್ಮಚುಕ್ಕೆಗಳು ನಮ್ಮ ಊರುಗಳಿಗೆ ಬರುವವರೆಗೆ ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಮೂರೂ ತಾಲ್ಲೂಕುಗಳ ವರ್ತಕ ಸಂಘಗಳು ಒಟ್ಟಾಗಿ ಒಂದು ಕೊರೆಯುವ ಯಂತ್ರವನ್ನು ಕೊಂಡು, ಸಂತೆಯ ದಿನಗಳಲ್ಲಿ ಸರದಿಯಂತೆ ಗುರುತು ಶಿಬಿರ ನಡೆಸಬಹುದು. ಗಾಜು, ದೀಪ, ಟ್ಯಾಂಕು, ಬ್ಯಾಟರಿ, ಚಕ್ರದ ರಿಮ್ಮುಗಳ ಮೇಲೆ ನೋಂದಣಿ ಸಂಖ್ಯೆಯನ್ನು ಕೊರೆಯುವುದು ಸ್ಥಳೀಯ ವರ್ಕ್‌ಶಾಪಿನವರಿಗೆ ಕಷ್ಟದ ಕೆಲಸವಲ್ಲ. ಮಾಲೀಕನ ಹೆಸರು, ಫೋನ್ ಸಂಖ್ಯೆ ಬೇಡ, ಅವು ಬದಲಾಗುತ್ತವೆ. ತಯಾರಕರು ಕೊರೆದ ಮೂಲ ಸಂಖ್ಯೆಗಳನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಕೂಡದು. ನೋಂದಣಿಯೇ ಇಲ್ಲದ ಪಂಪ್‌ಸೆಟ್, ಕಳೆ ಕತ್ತರಿಸುವ ಯಂತ್ರ, ಅಡಿಕೆ ಸುಲಿಯುವ ಯಂತ್ರಗಳಿಗೂ ಇದೇ ಶಿಬಿರದಲ್ಲಿ ಗುರುತು ಹಾಕಬಹುದು. ಸಣ್ಣ ತಯಾರಕರು ತಾವು ಮಾರುವ ಪ್ರತಿ ಯಂತ್ರಕ್ಕೂ ಕ್ರಮಸಂಖ್ಯೆ ಕೊಟ್ಟು ಬಿಲ್ಲಿನಲ್ಲಿ ನಮೂದಿಸಿದರೆ ಇನ್ನೂ ಉತ್ತಮ.

ಕೊನೆಯ ಮಾತು ನಮ್ಮ ಬಾಂಧವರಿಗೇ. ಕದ್ದ ಬಿಡಿಭಾಗ ಮಾರಾಟವಾಗುವುದು ಕಾಡಿನಲ್ಲಲ್ಲ, ಪೇಟೆಯಲ್ಲಿ. ಕದ್ದ ಮಾಲೆಂದು ತಿಳಿದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ, ಅಪ್ರಾಮಾಣಿಕವಾಗಿ ಪಡೆಯುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನನ್ವಯ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ಹಳೆಯ ಬಿಡಿಭಾಗ ಕೊಳ್ಳುವಾಗ ಮಾರುವವನ ಗುರುತಿನ ಚೀಟಿಯ ಪ್ರತಿ ಪಡೆದು, ಭಾಗದ ಮೇಲಿನ ಸಂಖ್ಯೆಯನ್ನು ಖಾತೆಯಲ್ಲಿ ಬರೆದಿಡುವ ಶಿಸ್ತು ಬಂದರೆ, ಗುರುತು ಹಾಕಿದ ಶ್ರಮ ಸಾರ್ಥಕವಾಗುತ್ತದೆ. ಪೊಲೀಸರು ಕಳ್ಳನನ್ನು ಹಿಡಿಯಲಿ, ಅದು ಅವರ ಕರ್ತವ್ಯ. ಕಳ್ಳನಿಗೆ ಗಿರಾಕಿ ಸಿಗದಂತೆ ನೋಡಿಕೊಳ್ಳುವುದು ನಮ್ಮದು.